ಕೋಟೆ ಹೈಸ್ಕೂಲಿನ ಚಪ್ಪರದಲ್ಲಿ ಸಂಗೀತ

ಸಂಗೀತವು ಕಿವಿಗೆ ಸೇರಿದ ಕಲೆ. ಕುಳಿತು ಕೇಳುವ ಜಾಗವು ಕಣ್ಣಿಗೂ ಮೈಗೂ ಸೇರಿದ್ದು. ಇವೆರಡಕ್ಕೂ ಏನು ನಂಟು ಎಂದು ಯಾರಾದರೂ ಕೇಳಿದರೆ ಆಶ್ಚರ್ಯಪಡಬೇಕಾದುದಿಲ್ಲ. ಆದರೂ ಕಚೇರಿಗಳಿಗೆ ಹೋಗಿ ಬಂದ ಅಭ್ಯಾಸವುಳ್ಳ ಯಾವ ರಸಿಕರನ್ನಾದರೂ ಮಾತನಾಡಿಸಿ ನೋಡೋಣ. ಇಂತಹ ದಿನ ಕೇಳಿದ ಕಾಂಭೋಜಿ ಎಂದು ಆರಂಭಿಸಿದವರು ಮರುಗಳಿಗೆಯಲ್ಲಿಯೇ ತಾವು ಕುಳಿತ ಕಂಬದ ಬುಡವನ್ನೂ, ಅಂದು ಬೀಸಿದ ಗಾಳಿಯನ್ನೂ, ಪಕ್ಕದಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ ಅಪರಿಚಿತರನ್ನೂ ನೆನೆಯದೆ ಇರಲಾರರು. ರಾಗದೊಡನೆ ಜಾಗವೂ ನೆನಪಿನಲ್ಲಿ ಹೆಣೆದುಕೊಂಡಿರುತ್ತದೆ. ಇದಕ್ಕೆ ಕೇವಲ ಭಾವುಕತೆಯೇ ಕಾರಣವೆ, ಅಥವಾ ನಮ್ಮ ಸಂಗೀತದ ಸ್ವರೂಪದಲ್ಲಿಯೇ ಏನಾದರೂ ಕಾರಣವುಂಟೆ ಎಂಬುದನ್ನು ಬೆಂಗಳೂರಿನ ಒಂದು ಪ್ರಸಿದ್ಧ ಸ್ಥಳವನ್ನು ಮುಂದಿಟ್ಟುಕೊಂಡು ವಿಚಾರಮಾಡಬೇಕೆಂದಿದ್ದೇವೆ. ಆ ಸ್ಥಳವು ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಬಯಲು.

ಮೊದಲು ಸ್ವಲ್ಪ ಹಿಂದಿನ ಸಂಗತಿ. ನಮ್ಮ ದೇಶದಲ್ಲಿ ಸಂಗೀತಕ್ಕೆಂದೇ ಕಟ್ಟಿದ ಮಂದಿರಗಳು ತೀರ ಇತ್ತೀಚಿನವು. ಅದಕ್ಕೆ ಮುಂಚೆ ವಿದ್ವಾಂಸರು ಅರಮನೆಯಲ್ಲಿ ಹಾಡಿದರು, ದೇವಸ್ಥಾನದಲ್ಲಿ ಹಾಡಿದರು, ಸಿರಿವಂತರ ಮನೆಯ ತೊಟ್ಟಿಯಲ್ಲಿ ಹಾಡಿದರು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ತಮ್ಮ ಶ್ರಮದಿಂದ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದುದು ದೇವರ ಪೂಜೆಗೂ ಸಂಗೀತಕ್ಕೂ ಒಂದೇ ಸೂರು ಸಾಕೆಂಬ ಹಳೆಯ ನಂಬಿಕೆಯಿಂದಲೇ. ಬೆಂಗಳೂರಿನಲ್ಲಿ 1905ರಲ್ಲಿ ಗಾಯನ ಸಮಾಜವು ಹುಟ್ಟಿತು. 1935ರಲ್ಲಿ ಪುಟ್ಟಣ್ಣಚೆಟ್ಟಿ ಪುರಭವನವು ಎದ್ದು ನಿಂತಿತು. ಅದೇ 1935ರಲ್ಲಿ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪ್ರಸಾರ ಕೇಂದ್ರವನ್ನು ಸ್ಥಾಪಿಸಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿಂದ ಹೊರಟು ಮುಂದೆ ದೇಶಕ್ಕೆಲ್ಲ ಸಲ್ಲುವಂತಾಯಿತು. ಸಾವಿರ ಮಂದಿ ಒಂದೆಡೆ ಕುಳಿತು ಕೇಳಬಹುದಾದ ಭವನವೂ, ಸಾವಿರ ಮನೆಗಳಲ್ಲಿ ಬೇರೆಬೇರೆಯಾಗಿ ಕೇಳಬಹುದಾದ ಯಂತ್ರವೂ ಒಂದೇ ವರ್ಷದಲ್ಲಿ ಸಂಸ್ಥಾನಕ್ಕೆ ಬಂದವೆಂಬುದು ನೆನಪಿಡತಕ್ಕ ಸಂಗತಿ.

ಇದಾದ ನಾಲ್ಕು ವರ್ಷಕ್ಕೆ, 1939ರಲ್ಲಿ, ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಲಿ ಹುಟ್ಟಿತು. ಎಸ್. ವಿ. ನಾರಾಯಣಸ್ವಾಮಿರಾಯರು ಇದರ ಸ್ಥಾಪಕರು. ರಾಮನವಮಿಯ ದಿನ ಬೀದಿಬೀದಿಗಳಲ್ಲಿ ಪಾನಕ, ಕೋಸಂಬರಿ, ನೀರುಮಜ್ಜಿಗೆಗಳನ್ನು ಹಂಚುವುದೂ, ಸಂಜೆಗೆ ಭಜನೆಯೋ ಹರಿಕಥೆಯೋ ಏರ್ಪಡುವುದೂ ನಮ್ಮ ನಾಡಿನಲ್ಲಿ ಹಿಂದಿನಿಂದ ಬಂದ ಪದ್ಧತಿ. ಆ ಪದ್ಧತಿಯನ್ನೇ ವಿಸ್ತರಿಸಿ, ಚೈತ್ರಮಾಸದಲ್ಲಿ ವಾರಗಟ್ಟಲೆ ಪ್ರತಿ ಸಂಜೆಯೂ ದೊಡ್ಡ ವಿದ್ವಾಂಸರ ಕಚೇರಿಗಳು ನಡೆಯುವಂತೆ ಮಂಡಲಿಯವರು ಮಾಡಿದರು. ಕೋಟೆ ಹೈಸ್ಕೂಲಿನ ಬಯಲಿನಲ್ಲಿ ಅದಕ್ಕಾಗಿ ಚಪ್ಪರ ಏಳತೊಡಗಿತು. ಶಾಲೆಯ ಕಲ್ಲಿನ ಕಟ್ಟಡದ ಮುಂದೆ, ಟಿಪ್ಪುವಿನ ಅರಮನೆಗೂ ಕೋಟೆ ವೆಂಕಟರಮಣಸ್ವಾಮಿಯ ದೇವಸ್ಥಾನಕ್ಕೂ ಕೂಗಳತೆಯಲ್ಲಿರುವ ಈ ಬಯಲಿನಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿಯವರು ಹಾಡಿದರು, ಬಾಲಮುರಳೀಕೃಷ್ಣರು ಹಾಡಿದರು, ಗದಗಿನ ಸೀಮೆಯಿಂದ ಹೊರಟು ಹಿಂದುಸ್ಥಾನವನ್ನೆಲ್ಲ ಗೆದ್ದ ಭೀಮಸೇನ ಜೋಶಿಯವರು ಹಾಡಿದರು. ದಕ್ಷಿಣಾದಿ, ಉತ್ತರಾದಿ ಎಂಬ ಭೇದವಿಲ್ಲದೆ ಎರಡು ಪದ್ಧತಿಗಳೂ ಒಂದೇ ವೇದಿಕೆಯನ್ನು ಹಂಚಿಕೊಂಡುದರಿಂದ ಬೆಂಗಳೂರಿನ ಶ್ರೋತೃಗಳ ಕಿವಿ ಎಷ್ಟು ವಿಶಾಲವಾಯಿತೆಂಬುದನ್ನು ಹೇಳಬೇಕಾಗಿಲ್ಲ.

ಈಗ ಚಪ್ಪರದ ಗುಣವನ್ನು ಸ್ವಲ್ಪ ಶಾಸ್ತ್ರೀಯವಾಗಿ ಪರಿಶೀಲಿಸೋಣ. ಗೋಡೆಗಳಿರುವ ಕೋಣೆಯಲ್ಲಿ ಹೊರಟ ಧ್ವನಿ ಒಮ್ಮೆ ನೇರವಾಗಿ ಕಿವಿಯನ್ನು ಮುಟ್ಟಿ, ಆಮೇಲೆ ಗೋಡೆ, ಛಾವಣಿ, ನೆಲಗಳಿಗೆ ಬಡಿದು ಮತ್ತೆ ಮತ್ತೆ ಬರುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಒಂದು ಉಪನ್ಯಾಸ ಮಂದಿರವಿತ್ತು. ಅಲ್ಲಿ ಆಡಿದ ಮಾತು ಐದೂವರೆ ಸೆಕೆಂಡುಗಳವರೆಗೆ ಮೊಳಗುತ್ತಲೇ ಇದ್ದುದರಿಂದ ಪಾಠ ಯಾರಿಗೂ ತಿಳಿಯುತ್ತಿರಲಿಲ್ಲ. 1895ರಲ್ಲಿ ಇದರ ಪರಿಹಾರವನ್ನು ವ್ಯಾಲೇಸ್ ಸ್ಯಾಬಿನ್ ಎಂಬ ತರುಣ ಅಧ್ಯಾಪಕರಿಗೆ ವಹಿಸಿದರು. ಅವರು ರಾತ್ರಿಯ ಹೊತ್ತಿನಲ್ಲಿ ಪಕ್ಕದ ನಾಟಕಶಾಲೆಯ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಒಂದೊಂದು ಮೆತ್ತೆಗೂ ಮೊಳಗು ಎಷ್ಟು ಕಡಿಮೆಯಾಗುವುದೆಂದು ಅಳೆದರು. ಮೆತ್ತೆಗಿಂತ ಮನುಷ್ಯನ ದೇಹವೇ ಹೆಚ್ಚಾಗಿ ಧ್ವನಿಯನ್ನು ಹೀರಿಕೊಳ್ಳುತ್ತದೆಂಬುದು ಅವರು ಕಂಡುಕೊಂಡ ಸಂಗತಿಗಳಲ್ಲಿ ಒಂದು. ಅಂದರೆ ಕೇಳುವವರು ಬಂದು ಕುಳಿತ ಹೊರತು ಸಂಗೀತ ಮಂದಿರದ ಧ್ವನಿಗುಣವು ಪೂರ್ಣವಾಗುವುದಿಲ್ಲ. ಶ್ರೋತೃವೂ ವಾದ್ಯದ ಒಂದು ಭಾಗವೆಂಬ ಮಾತು ಅಲಂಕಾರವಲ್ಲ, ಭೌತಶಾಸ್ತ್ರ.

ಯೂರೋಪಿನ ದೊಡ್ಡ ವಾದ್ಯಮೇಳಕ್ಕೆ ಎರಡು ಸೆಕೆಂಡುಗಳಷ್ಟು ಮೊಳಗು ಹಿತವೆಂದು ಹೇಳುತ್ತಾರೆ. ಅಲ್ಲಿ ಹಲವು ಸ್ವರಗಳು ಏಕಕಾಲದಲ್ಲಿ ಕೂಡಿ ನಡೆಯುವುದರಿಂದ, ಹಿಂದಿನ ಸ್ವರದ ನೆರಳು ಮುಂದಿನದರ ಮೇಲೆ ಬಿದ್ದರೆ ಶೋಭೆಯೇ. ನಮ್ಮ ಸಂಗೀತದ ಸ್ವಭಾವ ಬೇರೆ. ಇಲ್ಲಿ ಒಂದೇ ಎಳೆ. ಆದರೆ ಆ ಎಳೆಯಲ್ಲಿ ಕೂದಲಷ್ಟು ನವುರಾದ ತಿರುವುಗಳು. ತೋಡಿಯ ಗಾಂಧಾರವನ್ನು ತೂಗಿ ಹಿಡಿದಾಗ ಒಂದು ಸೆಕೆಂಡಿನಲ್ಲಿಯೇ ಧ್ವನಿ ಹಲವು ಬಾರಿ ಏರಿ ಇಳಿಯುತ್ತದೆ. ಹಿಂದಿನ ತೂಗು ಇನ್ನೂ ಮೊಳಗುತ್ತಿರುವಾಗಲೇ ಮುಂದಿನದು ಬಂದರೆ ಗಮಕವು ಕಲಸಿಹೋಗಿ, ರಾಗದ ಮುಖವೇ ಮಸುಕಾಗುತ್ತದೆ. ಚಪ್ಪರದ ಲಾಭವು ಇಲ್ಲಿಯೇ ಇದೆ. ಅದಕ್ಕೆ ಗೋಡೆಗಳಿಲ್ಲ, ಆಚೆಗೆ ಹೋದ ಧ್ವನಿ ಹಿಂದಿರುಗಿ ಬಂದು ಕಾಡುವುದಿಲ್ಲ. ಕೇಳಿಸಿದ್ದು ಕಡಿಮೆಯಾದರೂ ಸ್ಪಷ್ಟವಾಗಿ ಕೇಳಿಸುತ್ತದೆ.

ನಷ್ಟವೂ ಉಂಟು. ಬಯಲಿನಲ್ಲಿ ದೂರವು ಎರಡರಷ್ಟಾದರೆ ಧ್ವನಿಯ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ವೇದಿಕೆಯಿಂದ ಹತ್ತು ಮೀಟರು ದೂರದಲ್ಲಿ ಕುಳಿತವನಿಗೆ ಹದಿನಾರಾಣೆ ದೊರೆತರೆ, ಇಪ್ಪತ್ತರಲ್ಲಿರುವವನಿಗೆ ನಾಲ್ಕಾಣೆ, ನಲವತ್ತರಲ್ಲಿರುವವನಿಗೆ ಒಂದೇ ಆಣೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಈ ಕೊರತೆಯನ್ನು ಗಾಯಕರು ಕಂಠಬಲದಿಂದ ತುಂಬಬೇಕಾಗಿತ್ತು. ಪಿಟೀಲಿನವರ ಪಾಡಂತೂ ಇನ್ನೂ ಕಷ್ಟ. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ತಿರುಮಕೂಡಲು ಚೌಡಯ್ಯನವರು ನಾಲ್ಕು ತಂತಿಗಳ ಪಿಟೀಲಿಗೆ ಇನ್ನು ಮೂರನ್ನು ಸೇರಿಸಿ ಏಳು ತಂತಿಗಳ ವಾದ್ಯವನ್ನು ರೂಢಿಗೆ ತಂದುದು ಹಿಂದಿನ ಸಾಲಿನಲ್ಲಿ ಕುಳಿತವರಿಗೂ ನಾದ ತಲುಪಲಿ ಎಂಬ ಉದ್ದೇಶದಿಂದ. ಮುಂದೆ 1980ರಲ್ಲಿ ಅವರ ನೆನಪಿಗಾಗಿ ಮಲ್ಲೇಶ್ವರದ ಬಳಿ ಪಿಟೀಲಿನ ಆಕಾರದಲ್ಲಿಯೇ ಒಂದು ಭವನವನ್ನು ಕಟ್ಟಿದರು. ಕೊನೆಯ ಸಾಲಿನವನನ್ನು ಮರೆಯದ ವಿದ್ವಾಂಸರಿಗೆ ಇದು ತಕ್ಕ ಸ್ಮಾರಕವೇ ಸರಿ.

1930ರ ದಶಕದಿಂದೀಚೆಗೆ ಮೈಕು ಕಚೇರಿಗಳಿಗೆ ಬರತೊಡಗಿದ ಮೇಲೆ ಈ ಲೆಕ್ಕವು ಬದಲಾಯಿತು. ಸಾವಿರಾರು ಜನ ಸೇರುವ ಚಪ್ಪರದ ಸಂಗೀತವು ಮೈಕಿನ ಕೂಸೆಂದರೆ ತಪ್ಪಾಗದು. ಮೆಲುದನಿಯವರೂ ದೊಡ್ಡ ಸಭೆಯಲ್ಲಿ ಹಾಡಬಹುದಾಯಿತು. ಕೂಗಿ ಹಾಡುವ ಅಗತ್ಯ ತಪ್ಪಿ, ಮಂದ್ರಸ್ಥಾಯಿಯ ಸೌಖ್ಯಕ್ಕೆ ಬೆಲೆ ಬಂದಿತು. ಆದರೆ ಧ್ವನಿವರ್ಧಕಗಳನ್ನು ದೂರದೂರಕ್ಕೆ ಕಟ್ಟಿದಾಗ ಮತ್ತೊಂದು ತೊಡಕು ಹುಟ್ಟುತ್ತದೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ನಡೆಯುತ್ತದೆ. ಹತ್ತಿರದ ವರ್ಧಕಕ್ಕೂ ದೂರದ ವರ್ಧಕಕ್ಕೂ ಹದಿನೇಳು ಮೀಟರಿಗಿಂತ ಹೆಚ್ಚು ಅಂತರವಿದ್ದರೆ ಒಂದೇ ಪೆಟ್ಟು ಕಿವಿಗೆ ಎರಡಾಗಿ ಕೇಳಿಸತೊಡಗುತ್ತದೆ. ಮೃದಂಗದ ಒಂದು ಚಾಪು ಜೋಡಿಯಾಗಿ ಕೇಳಿಸುವ ಜಾಗಗಳನ್ನು ಚಪ್ಪರದ ಹಳಬರು ಚೆನ್ನಾಗಿ ಬಲ್ಲರು. ಹೊಸಬರು ಅಲ್ಲಿ ಕುಳಿತರೆ ಮುಂದಕ್ಕೆ ಸರಿಯುವಂತೆ ಸನ್ನೆ ಮಾಡುವರು. ಹೀಗೆ ಕಿವಿಯ ಅನುಭವದಿಂದಲೇ ಜನ ಶಾಸ್ತ್ರವನ್ನು ಕಲಿತಿರುತ್ತಾರೆ.

ಇದಿಷ್ಟು ಧ್ವನಿಯ ವಿಚಾರ. ಇನ್ನು ಕಚೇರಿಯ ಕಟ್ಟಡವನ್ನು ನೋಡೋಣ. ಅರಿಯಕ್ಕುಡಿ ರಾಮಾನುಜಯ್ಯಂಗಾರ್ಯರ ಕಾಲದಿಂದ ನೆಲೆಗೊಂಡಿರುವ ಕ್ರಮವು ರಸಿಕರಿಗೆ ಗೊತ್ತೇ ಇದೆ: ಮೊದಲು ವರ್ಣ, ಆಮೇಲೆ ಚಿಕ್ಕ ಕೃತಿಗಳು, ನಡುವೆ ವಿಸ್ತಾರವಾದ ರಾಗಾಲಾಪನೆ, ಅದರ ಕೃತಿ, ನೆರವಲು, ಕಲ್ಪನಾಸ್ವರ, ತನಿ ಆವರ್ತನ, ಕಡೆಗೆ ದೇವರನಾಮಗಳು ಮತ್ತು ಮಂಗಳ. ಇದರಲ್ಲಿ ಬರೆದಿಟ್ಟ ಭಾಗವು ಸ್ವಲ್ಪ. ಆ ಗಳಿಗೆಯಲ್ಲಿ ಹುಟ್ಟಬೇಕಾದ ಭಾಗವೇ ಹೆಚ್ಚು. ಆಲಾಪನೆ ಎಷ್ಟು ಹೊತ್ತು ಬೆಳೆಯಬೇಕು, ಯಾವ ಸ್ವರದಲ್ಲಿ ನಿಲ್ಲಬೇಕು ಎಂಬುದನ್ನು ವಿದ್ವಾಂಸರು ಮನೆಯಲ್ಲಿ ನಿಶ್ಚಯಿಸಿಕೊಂಡು ಬರುವುದಿಲ್ಲ. ಎದುರಿನ ಜನ ಉಸಿರು ಹಿಡಿದು ಕುಳಿತರೆ ರಾಗ ಬೆಳೆಯುತ್ತದೆ. ಜನ ಕದಲಿದರೆ ಮುಗಿಯುತ್ತದೆ. ಮೊದಲ ಸಾಲಿನಿಂದ ಬರುವ ಭಲೆ ಎಂಬ ಒಂದು ಉದ್ಗಾರ ಪಿಟೀಲಿನವರಿಂದ ಇನ್ನೊಂದು ಸುತ್ತನ್ನು ಹೊರಡಿಸಬಹುದು. ಸಭೆಯೂ ರಾಗದ ರಚನೆಯಲ್ಲಿ ಪಾಲುಗಾರನಾಗಿರುವುದರಿಂದ, ಸಭೆ ಸೇರಿದ ಜಾಗವು ರಾಗದೊಡನೆ ನೆನಪಿನಲ್ಲಿ ಉಳಿಯುವುದು ಸಹಜವಾಗಿಯೇ ಇದೆ. ಆರಂಭದಲ್ಲಿ ನಾವು ಕೇಳಿಕೊಂಡ ಪ್ರಶ್ನೆಗೆ ಇದು ಉತ್ತರ.

ಇನ್ನು ನಮ್ಮ ಸ್ವಂತ ನೆನಪುಗಳನ್ನು ಒಂದೆರಡು ಮಾತಿನಲ್ಲಿ ಹೇಳಬಹುದು. ನಮ್ಮ ಊರು ಜಿಗಣಿ. ಆನೇಕಲ್ ತಾಲ್ಲೂಕಿಗೆ ಸೇರಿದ್ದು. ಹಿಂದೆ ರಾಗಿಯ ಹೊಲಗಳಿದ್ದ ಊರು, ಈಗ ಕಾರ್ಖಾನೆಗಳ ಊರು. ಕಲ್ಲು ಕೊಯ್ಯುವ ಗರಗಸಗಳ ಶ್ರುತಿಯೇ ಇಲ್ಲಿನ ಹಗಲಿನ ತಂಬೂರಿ. 1990ರ ದಶಕದ ಕೊನೆಯ ಭಾಗದಲ್ಲಿ, ನಮ್ಮ ವಿದ್ಯಾರ್ಥಿದೆಸೆಯಲ್ಲಿ, ರಾಮನವಮಿಯ ಕಚೇರಿಗಳಿಗೆಂದು ಇಲ್ಲಿಂದ ಬಸ್ಸು ಹತ್ತಿ ಮಾರುಕಟ್ಟೆಯಲ್ಲಿ ಇಳಿದು, ಕೋಟೆಯ ಕಡೆಗೆ ನಡೆದುಹೋಗುತ್ತಿದ್ದೆವು. ಜೊತೆಗೆ ಊರಿನ ಭಜನೆಯ ಮನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ವೃದ್ಧ ಮೇಷ್ಟರೊಬ್ಬರು ಬರುವರು. ಚೀಟಿ ಕೊಂಡವರಿಗೆ ಒಳಗೆ ಕುರ್ಚಿಗಳು. ನಮಗೆ ಹೊರಗಿನ ಬೇಲಿಯ ಮಗ್ಗುಲು. ರಸ್ತೆಯಂಚಿನಲ್ಲಿ ಕಾಗದ ಹಾಸಿ ಕುಳಿತವರು, ಸೈಕಲ್ಲಿಗೆ ಒರಗಿ ನಿಂತವರು, ಮಲ್ಲಿಗೆಯ ಬುಟ್ಟಿಯನ್ನು ಪಕ್ಕಕ್ಕಿಟ್ಟು ಕೇಳುವವರು, ಇವರೆಲ್ಲರೂ ಅಲ್ಲಿದ್ದರು. ಹೊರಗೆ ಕುಳಿತವರಿಗೆ ಕಲಾವಿದರ ಮುಖ ಕಾಣಿಸದು. ಆದರೆ ರಾಗವನ್ನು ಮೊದಲು ಗುರುತಿಸಿ ಹೆಸರಿಸುವ ಪಂದ್ಯ ಅಲ್ಲಿ ಒಳಗಿಗಿಂತಲೂ ಜೋರಾಗಿ ನಡೆಯುತ್ತಿತ್ತು.

ಅಲ್ಲಿ ಕೇಳಿದ ಇಬ್ಬರನ್ನು ಹೆಸರಿಸಿದರೆ ಸಾಕು. ಒಬ್ಬರು ರುದ್ರಪಟ್ಟಣದ ಆರ್. ಕೆ. ಶ್ರೀಕಂಠನ್ ಅವರು. 1920ರಲ್ಲಿ ಹುಟ್ಟಿದ ಅವರು ತೊಂಬತ್ತು ದಾಟಿದ ಮೇಲೂ ವೇದಿಕೆಯಲ್ಲಿ ಹಾಡಿದವರು. ಅವರ ಬಾಳಿನ ಹಲವು ವರ್ಷಗಳು ಆಕಾಶವಾಣಿಯ ಸೇವೆಯಲ್ಲಿ ಕಳೆದವು. ರೇಡಿಯೋದಲ್ಲಿ ಅವರ ಪಾಠವನ್ನು ಕೇಳಿ ಕಲಿತಿದ್ದ ನಮ್ಮ ಮೇಷ್ಟರು, ಅದೇ ಧ್ವನಿ ಚಪ್ಪರದಿಂದ ಬಂದಾಗ ಎದ್ದು ನಿಂತು ಕೈಮುಗಿದರು. ಇನ್ನೊಬ್ಬರು ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಮನಸೋತು, ಆ ಪರದೇಶದ ವಾದ್ಯವನ್ನು ಗಮಕಕ್ಕೆ ಒಗ್ಗುವಂತೆ ಮಾರ್ಪಡಿಸಿಕೊಂಡವರು ಅವರು. ಆ ವಾದ್ಯದ ತುಂಬುನಾದಕ್ಕೆ ಗೋಡೆಯಿಲ್ಲದ ಬಯಲು ಎಷ್ಟು ಒಪ್ಪುವುದೆಂಬುದನ್ನು ರಸ್ತೆಯ ಆಚೆಬದಿಯಲ್ಲಿ ನಿಂತು ಕೇಳಿದವರೇ ಬಲ್ಲರು.

ಆದರೆ ನಾವು ಒಂದು ಕಚೇರಿಯನ್ನೂ ಮಂಗಳದವರೆಗೆ ಕೇಳಲಿಲ್ಲ. ತನಿ ಆವರ್ತನವು ಮುಗಿಯುವ ಹೊತ್ತಿಗೆ ಊರಿನ ಕೊನೆಯ ಬಸ್ಸಿನ ಚಿಂತೆ ಹತ್ತುತ್ತಿತ್ತು. ಒಮ್ಮೆ ನಾವು ಕೈಗಡಿಯಾರವನ್ನು ಪದೇಪದೇ ನೋಡುತ್ತಿರಲು, ಮೇಷ್ಟರು ನಕ್ಕು, “ಹಾಡಿಗೆ ಬಂದೆಯೋ ಮಗು, ಬಸ್ಸಿಗೆ ಬಂದೆಯೋ?” ಎಂದರು. “ಎರಡಕ್ಕೂ ಮೇಷ್ಟ್ರೇ” ಎಂದೆವು. ಅವರೂ ಎದ್ದರು, ಅವರೂ ಅದೇ ಬಸ್ಸಿಗೇ ಬರಬೇಕಾದವರು. ದೇವರನಾಮದ ಮೊದಲ ಸಾಲು ನಮ್ಮ ಬೆನ್ನ ಹಿಂದೆ ಕೇಳಿಸುತ್ತ, ಮಾರುಕಟ್ಟೆಯ ಗದ್ದಲದಲ್ಲಿ ಕರಗಿಹೋಗುತ್ತಿತ್ತು. ಕನ್ನಡದ ಪದಗಳು ಬರುವುದು ಹೆಚ್ಚಾಗಿ ಕಚೇರಿಯ ಆ ಕಡೆಯ ಭಾಗದಲ್ಲಿಯೇ. ಭಜನೆಯ ಮನೆಯಲ್ಲಿ ಪುರಂದರದಾಸರ ಪದಗಳನ್ನೇ ಬಾಳೆಲ್ಲ ನುಡಿಸಿದ ಹಿರಿಯರಿಗೆ, ದೊಡ್ಡ ವಿದ್ವಾಂಸರ ಬಾಯಲ್ಲಿ ಅವನ್ನು ಪೂರ್ತಿಯಾಗಿ ಕೇಳುವ ಸೌಭಾಗ್ಯವು ಊರು ದೂರವೆಂಬ ಒಂದೇ ಕಾರಣದಿಂದ ತಪ್ಪಿತು. ಅವರು ಈಗ ಇಲ್ಲ.

ಈ ಕೊರತೆಯನ್ನು ಯಂತ್ರಗಳು ತುಂಬಲಾರವೆ? ಬಹುಮಟ್ಟಿಗೆ ತುಂಬಿವೆ, ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಗೋಪಾಲಸ್ವಾಮಿಯವರ ಮನೆಯ ಪುಟ್ಟ ಕೇಂದ್ರದಿಂದ ಆರಂಭವಾದ ಕೆಲಸವು ಹಳ್ಳಿಹಳ್ಳಿಗೂ ಸಂಗೀತವನ್ನು ಒಯ್ದಿತು. ಇಂದು ಅಂಗೈಯಲ್ಲಿ ಹಿಡಿಯುವ ಫೋನಿನಲ್ಲಿ ಅರ್ಧ ಶತಮಾನದ ಹಿಂದಿನ ಕಚೇರಿಯೂ ದೊರೆಯುತ್ತದೆ. 2020ರ ರಾಮನವಮಿ ಏಪ್ರಿಲ್ 2ರಂದು ಬಂದಾಗ, ಸಾಂಕ್ರಾಮಿಕದ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿತ್ತು. ಎಲ್ಲಿಯೂ ಜನ ಸೇರುವಂತಿರಲಿಲ್ಲ. ಆ ವರ್ಷ ನಾವು ಹಳೆಯ ಧ್ವನಿಮುದ್ರಿಕೆಗಳನ್ನೇ ಕೇಳಿ ಹಬ್ಬ ಮಾಡಿದೆವು. ಆದರೆ ಅದೇ ವರ್ಷ ಯಂತ್ರದ ಮಿತಿಯೂ ಸ್ಪಷ್ಟವಾಯಿತು. ಮುದ್ರಿಕೆಯಲ್ಲಿರುವ ರಾಗವು ನಮ್ಮ ಮೌನದಿಂದ ಬೆಳೆಯುವುದಿಲ್ಲ. ನಮ್ಮ ಭಲೆಯಿಂದ ಹಿಗ್ಗುವುದಿಲ್ಲ. ನಾವು ಅದನ್ನು ಪಡೆಯಬಲ್ಲೆವು, ಅದಕ್ಕೆ ಏನನ್ನೂ ಕೊಡಲಾರೆವು. ಇನ್ನೊಂದು ಮಾತು: ಏಕಾಂತದಲ್ಲಿ ನಾವು ಬೇಡವಾದುದನ್ನು ದಾಟಿ ಮುಂದಕ್ಕೆ ಹೋಗುತ್ತೇವೆ. ಸಭೆಯಲ್ಲಿ ಹಾಗೆ ಮಾಡಲಾಗದೆ, ರುಚಿಸದ ರಾಗವನ್ನೂ ಕುಳಿತು ಕೇಳಿ, ಕಡೆಗೆ ಅದರ ರುಚಿಯನ್ನೇ ಹಿಡಿಯುತ್ತೇವೆ. ರಸಿಕತೆ ಬೆಳೆಯುವುದು ಈ ಬಲವಂತದ ತಾಳ್ಮೆಯಿಂದ.

ಆದುದರಿಂದ ಜಿಗಣಿ, ಬೊಮ್ಮಸಂದ್ರ, ಪೀಣ್ಯ, ವೈಟ್‌ಫೀಲ್ಡು ಮೊದಲಾದ ಹೊರವಲಯಗಳ ಜನಕ್ಕೆ ಕಚೇರಿಗಳು ನಿಲುಕುವುವೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಬೆಂಗಳೂರಿನ ಸಂಗೀತಸ್ಥಳಗಳೆಲ್ಲ ಹಳೆಯ ಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಸುತ್ತ ಬೆಳೆದವು. ಕಾರಣ, ಕೇಳುವವರು ಆಗ ಅಲ್ಲಿಯೇ ಇದ್ದರು. ಈಗ ಕೇಳಬಹುದಾದವರಲ್ಲಿ ಬಹುಮಂದಿ ಮೂವತ್ತು ಕಿಲೋಮೀಟರು ಆಚೆಗೆ, ಪಾಳಿಯ ಕೆಲಸದಲ್ಲಿದ್ದಾರೆ. ಚಪ್ಪರವು ಬೇಲಿಯ ಹೊರಗಿನವನಿಗೂ ಸಂಗೀತವನ್ನು ಧಾರಾಳವಾಗಿ ಕೊಟ್ಟಿತು; ಆದರೆ ಬೇಲಿಯವರೆಗೆ ಬರಲಾಗದವನಿಗೆ ಏನು ಕೊಡಬಲ್ಲದು? 2017ರಲ್ಲಿ ಮೆಟ್ರೋ ರೈಲು ಕೃಷ್ಣರಾಜೇಂದ್ರ ಮಾರುಕಟ್ಟೆಯನ್ನು ಮುಟ್ಟಿತು. 2025ರ ಆಗಸ್ಟಿನಲ್ಲಿ ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹತ್ತೊಂಬತ್ತು ಕಿಲೋಮೀಟರಿನ ಹಳದಿ ಮಾರ್ಗವು ತೆರೆಯಿತು. ಒಂದೆಡೆ ಗಾಡಿ ಬದಲಿಸಿದರೆ, ನಮ್ಮ ನೆರೆಯ ಬೊಮ್ಮಸಂದ್ರದಿಂದ ಕೋಟೆಯ ಬಾಗಿಲಿಗೇ ಬಂದಂತೆ. ಕಚೇರಿಯ ದೃಷ್ಟಿಯಿಂದ ಇದು ಚಿಕ್ಕ ಉಪಕಾರವಲ್ಲ. ಬೊಮ್ಮಸಂದ್ರದಿಂದ ಆಚೆಯ ಕೆಲವು ಮೈಲಿಗಳಿಗೆ ರಾತ್ರಿಯಲ್ಲಿ ಬಸ್ಸು ದೊರೆಯುವಂತಾದರೆ, ಮಂಗಳವನ್ನು ಕೇಳಿ ಮನೆ ಸೇರುವುದು ಅಸಾಧ್ಯವಾಗದು.

ಅಷ್ಟಕ್ಕೇ ನಿಲ್ಲಬೇಕಾದುದೂ ಇಲ್ಲ. ಕೋಟೆ ಹೈಸ್ಕೂಲಿನ ಬಯಲು ಹುಟ್ಟಿನಿಂದಲೇ ಸಂಗೀತದ ಕ್ಷೇತ್ರವಾಗಿರಲಿಲ್ಲ. ಅದು ಹುಡುಗರು ಆಡುವ ಶಾಲೆಯ ಅಂಗಳ. ಕೆಲವರು ಪಟ್ಟುಹಿಡಿದು ಪ್ರತಿವರ್ಷವೂ ಅಲ್ಲಿ ಕಂಬ ನೆಟ್ಟು, ವಿದ್ವಾಂಸರನ್ನು ಕರೆದು, ಪಾನಕ ಹಂಚಿ, ಜನರನ್ನು ಕೂಡಿಸಿದುದರಿಂದ ಅದು ಕ್ಷೇತ್ರವಾಯಿತು. ನಮ್ಮ ಕಡೆಯ ಊರುಗಳಲ್ಲಿಯೂ ಶಾಲೆಯ ಅಂಗಳಗಳಿವೆ, ಭಜನೆಯ ಮನೆಗಳಿವೆ, ಚೈತ್ರದಲ್ಲಿ ರಾಮನವಮಿಯೂ ಬರುತ್ತದೆ. ಕಾರ್ಖಾನೆಯ ಸಂಜೆಯ ಪಾಳಿ ಬಿಡುವ ಹೊತ್ತನ್ನು ನೋಡಿಕೊಂಡು ವರ್ಷಕ್ಕೆ ಒಂದು ಕಚೇರಿಯನ್ನು, ದೇವರನಾಮಗಳನ್ನು ಕಡೆಗೆ ನೂಕದೆ ನಡುವಿಗೆ ತಂದುಕೊಂಡು, ಏರ್ಪಡಿಸಿದರೆ ಸಾಕು. ಮೊದಲ ವರ್ಷ ಐವತ್ತು ಮಂದಿ ಬರಬಹುದು. ಮೊದಲೇ ಹೇಳಿದಂತೆ, ಸಭೆಯಿಲ್ಲದೆ ರಾಗವು ಬೆಳೆಯದು. ಐವತ್ತು ಮಂದಿಯೂ ಸಭೆಯೇ. ಗೋಡೆಯಿಲ್ಲದ ಚಪ್ಪರಕ್ಕೆ ಇನ್ನೊಂದು ಗುಣವೂ ಉಂಟು: ಜನ ಹೆಚ್ಚಿದಂತೆಲ್ಲ ಅದನ್ನು ಒಂದೊಂದು ಕಂಬ ಮುಂದಕ್ಕೆ ಕಟ್ಟಬಹುದು.